ಗುರುಮಠಕಲ್‌ನಿಂದ ಹೊರಟ ದಾರಿ

ಇಂದು ಬೆಳಿಗ್ಗೆ ಮಗಳ ಕಾಲೇಜು ಪ್ರವೇಶಕ್ಕೆ ಕಾಗದಪತ್ರ ಜೋಡಿಸುತ್ತಿದ್ದಾಗ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟಿದ್ದ 371(ಜೆ) ಪ್ರಮಾಣಪತ್ರ, ಅಂದರೆ ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿ ಕೊಡಿಸುವ ಕಾಗದ, ಕೈಗೆ ಬಂದು, ಮೊಹರಿನ ನೀಲಿ ಶಾಯಿಯನ್ನು ನೋಡುತ್ತ ಕೆಲಹೊತ್ತು ಹಾಗೆಯೇ ಕುಳಿತೆ. 1972ರಲ್ಲಿ ಗುರುಮಠಕಲ್ ಕ್ಷೇತ್ರದಿಂದ ಮೊದಲ ಬಾರಿಗೆ ವಿಧಾನಸಭೆಗೆ ಆಯ್ಕೆಯಾದ ಮಲ್ಲಿಕಾರ್ಜುನ ಖರ್ಗೆಯವರು ಅಲ್ಲಿಂದಲೇ ಸತತ ಎಂಟು ಸಲ ಗೆದ್ದು, 2008ರಲ್ಲಿ ಚಿತ್ತಾಪುರದಿಂದ ಒಂಬತ್ತನೆಯ ಬಾರಿ ಶಾಸಕರಾದರು. ರಾಜ್ಯದಲ್ಲಿ ಎಷ್ಟೋ ಖಾತೆಗಳನ್ನು ನಿರ್ವಹಿಸಿದರು. ಆದರೆ ನಮ್ಮ ಮನೆಯವರೆಗೆ ನೇರವಾಗಿ ಬಂದು ತಲುಪಿದ್ದು, ಅವರು ಕೇಂದ್ರ ಸಚಿವರಾಗಿದ್ದಾಗ 2012ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ, ಈ 371(ಜೆ) ವಿಧಿಯನ್ನು ಸೇರಿಸಿದ ಸಂವಿಧಾನ ತಿದ್ದುಪಡಿ. ಅದಕ್ಕಾಗಿ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ್ದನ್ನೂ ಇಲ್ಲಿ ನೆನೆಯಲೇಬೇಕು. ನನ್ನ ಕಾಲದಲ್ಲಿ ಈ ಕಾಗದ ಇರಲಿಲ್ಲ; ಒಳ್ಳೆಯ ಅಂಕಗಳಿದ್ದರೂ ಸೀಟು ಸಿಗದೆ ಕಲಬುರಗಿಗೆ ಮರಳಿದ್ದೆ. ಮಗಳು ಅದರ ಮೂರು ಜೆರಾಕ್ಸ್ ಪ್ರತಿ ಮಾಡಿಸಿಕೊಂಡು ಹೊರಟಳು.