ಅವ್ವನ ಪುಂಡಿಪಲ್ಯ

ಅವ್ವ ಏನನ್ನೂ ಬರೆದಿಟ್ಟವಳಲ್ಲ. ಕೇಳಿದರೆ "ಅದನ್ನೇನ ಅಳೀತಿ, ಕೈಗೆ ಗೊತ್ತಾಗತೈತಿ" ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಗದುಗಿನ ಈ ಮನೆಯಲ್ಲಿ ಅಡುಗೆ ಕಲಿಯಲು ತೊಡಗಿದ ನನಗೆ ನಾಲಿಗೆಯ ನೆನಪೊಂದೇ ಆಧಾರ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲದ ಕಾರಣ, ಕುದಿಯುವ ಎಸರು ಹಾಕಿ ಚೆನ್ನಾಗಿ ನಾದಿದರೆ ಮಾತ್ರ ರೊಟ್ಟಿ ಬಡಿಯುವಾಗ ಅಂಚು ಒಡೆಯುವುದಿಲ್ಲ ಎಂಬುದು ಬೇಗ ತಿಳಿಯಿತು.

ಪುಂಡಿಪಲ್ಯ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಹುಳಿಯಾದ ಪುಂಡಿ (ಗೋಂಗುರ) ಸೊಪ್ಪನ್ನು ಬೇಯಿಸಿ, ಜೋಳದ ನುಚ್ಚು, ಕಡಲೆಬೇಳೆ, ಅರೆದ ಹಸಿಮೆಣಸಿನಕಾಯಿ ಕೂಡಿಸಿ, ಕಡೆಗೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಧಾರಾಳವಾಗಿ ಕೊಟ್ಟರೂ, ಬಿಸಿಯಾಗಿ ಬಡಿಸಿದಾಗ ಹುಳಿಯೊಂದೇ ಮುಂದೆ ನಿಲ್ಲುತ್ತದೆ; ಮರುದಿನ ಮುಂಜಾನೆ ನುಚ್ಚು ಆ ಹುಳಿಯನ್ನು ಹೀರಿಕೊಂಡು ಪಲ್ಯ ಹದಕ್ಕೆ ಬಂದಿರುತ್ತದೆ. ಅವ್ವ ಹಿಂದಿನ ರಾತ್ರಿಯೇ ಮಾಡಿಡುತ್ತಿದ್ದುದು ಬೆಳಗಿನ ಅವಸರಕ್ಕಷ್ಟೇ ಅಲ್ಲವೆಂದು (ಅವಸರವೂ ಇದ್ದೀತು) ಈಗ ಅನಿಸುತ್ತದೆ. ಅಪ್ಪನಂತೂ ತಂಗಳು ಪಲ್ಯವನ್ನೇ ಕೇಳಿ ಹಾಕಿಸಿಕೊಂಡು, ಮೇಲೆ ಹಸಿ ಶೇಂಗಾ ಎಣ್ಣೆ ಬಿಟ್ಟುಕೊಂಡು, ಉಳ್ಳಾಗಡ್ಡಿ ಕಡಿಯುತ್ತ ಊಟ ಮಾಡುತ್ತಾರೆ.