ಒಂಬತ್ತಾ, ಹತ್ತಾ? ನನ್ನ ಗಿಟಾರಿನ ತಂತಿ

ಡೊಂಬಿವಲಿಯ ನಮ್ಮ ಮನೆಯಲ್ಲಿ ಮಳೆಗಾಲ ಬಂತೆಂದರೆ ಗಿಟಾರ್ ತಂತಿಗೆ ತುಕ್ಕು ಶುರು. ಈ ಸಲ ಬದಲಿಸುವಾಗ 10–46 ಬಿಟ್ಟು 9–42 ಹಾಕಿದೆ. ಈ ಅಂಕಿ ತಂತಿಯ ದಪ್ಪ. ಅತಿ ತೆಳುವಾದದ್ದು ಇಂಚಿನ ಸಾವಿರ ಪಾಲಿನಲ್ಲಿ 9, ಅತಿ ದಪ್ಪನೆಯದು 42.

ನನ್ನದು ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್, ಸ್ಕೇಲ್ (ತಂತಿಯ ನುಡಿಯುವ ಭಾಗದ ಉದ್ದ) 25.5 ಇಂಚು. ತಮ್ಮನ ಲೆಸ್ ಪಾಲ್ ಮಾದರಿಯದು ಸುಮಾರು 24.75. ಅದೇ 10ರ ಸೆಟ್ ಅವನದರಲ್ಲಿ ಮೆತ್ತಗೆ, ನನ್ನದರಲ್ಲಿ ಬಿಗಿ. ಉದ್ದ ಜಾಸ್ತಿಯಾದರೆ ಅದೇ ಸ್ವರಕ್ಕೆ ಎಳೆತವೂ ಜಾಸ್ತಿ ಬೇಕು, ಅಲ್ವಾ? ಮೂರನೇ ತಂತಿಯನ್ನು ಎರಡು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿ) ಮೇಲಿನ ಸ್ವರದವರೆಗೆ ಬೆಂಡ್ ಮಾಡುವಾಗ, ಅಂದರೆ ಬದಿಗೆ ತಳ್ಳಿ ಸ್ವರ ಏರಿಸುವಾಗ, ಉಂಗುರ ಬೆರಳಿನ ತುದಿ ಉರಿಯುತ್ತಿತ್ತು, ಚರ್ಮದಲ್ಲಿ ಕಪ್ಪು ಗೆರೆ ಬೀಳುತ್ತಿತ್ತು. ಈಗ ಆರಾಮವಾಗಿ ಮುಟ್ಟುತ್ತದೆ.

ಆದರೆ ಸುಮ್ನೆ ತಂತಿ ಬದಲಿಸಿದರೆ ಸಾಲದು. ಎಳೆತ ಕಡಿಮೆಯಾಗಿ ನೆಕ್ (ಗಿಟಾರಿನ ಕತ್ತು) ಸ್ವಲ್ಪ ಹಿಂದಕ್ಕೆ ಬಾಗಿತು. ಮೊದಲ ಫ್ರೆಟ್‌ಗಳಲ್ಲಿ ತಂತಿ ಝರ್ ಅಂದಿತು. ನೆಕ್ ಒಳಗಿನ ಕಂಬಿ, ಟ್ರಸ್ ರಾಡನ್ನು ಕಾಲು ಸುತ್ತು ಸಡಿಲಿಸಿದೆ, ತಂತಿಗಳ ಎಳೆತಕ್ಕೆ ಎದುರಾಗಿ ಎಳೆಯುವ ಟ್ರೆಮೊಲೊ ಸ್ಪ್ರಿಂಗನ್ನೂ ಕೊಂಚ ಸಡಿಲ ಬಿಟ್ಟೆ.

ಡ್ರಾಪ್ ಡಿ (ಆರನೇ ತಂತಿಯನ್ನು ಇ ಸ್ವರದಿಂದ ಡಿ ಸ್ವರಕ್ಕೆ ಇಳಿಸುವ ಶ್ರುತಿ) ನುಡಿಸುವ ತಮ್ಮನಿಗೆ ಮಾತ್ರ 10ರ ಸೆಟ್ಟೇ ಸರಿ. 9ರಲ್ಲಿ ಆರನೇ ತಂತಿಯನ್ನು ಇಳಿಸಿದರೆ ತೀರಾ ಸಡಿಲ. "ಅಣ್ಣಾ, ಉಳಿದಿರೋ ಪ್ಯಾಕೆಟ್ ನನಗೆ ಕೊಡು" ಅಂದ. ಕೊಟ್ಟೆ.