ಮಂಜರಾಬಾದಿನ ಎಂಟು ಮೂಲೆ

ಸಕಲೇಶಪುರದಿಂದ ಮಂಗಳೂರು ಹೆದ್ದಾರಿ ಹಿಡಿದು ಸ್ವಲ್ಪ ದೂರ ಸಾಗಿದರೆ ದೋಣಿಗಾಲ್. ಅಲ್ಲಿ ಬಸ್ಸಿಳಿದು ಗೆಳೆಯನೊಂದಿಗೆ ಮೆಟ್ಟಿಲು ಹತ್ತಿದೆ. ಮಂಜರಾಬಾದ್ ಕೋಟೆಯ ನಕ್ಷತ್ರಾಕಾರವನ್ನು ಆಕಾಶದಿಂದ ತೆಗೆದ ಚಿತ್ರಗಳಲ್ಲಿ ಎಲ್ಲರೂ ನೋಡಿರುತ್ತಾರೆ. ನೆಲದ ಮೇಲೆ ನಿಂತವರಿಗೆ ಮಾತ್ರ ನಕ್ಷತ್ರವೇ ಸಿಗುವುದಿಲ್ಲ. ಒಳಕ್ಕೆ ಹೊರಕ್ಕೆ ಮುರಿಯುತ್ತ ಹೋಗುವ ಗೋಡೆಯಷ್ಟೇ. ಹೆಬ್ಬಾಗಿಲಿನ ಚಾವಣಿಯಲ್ಲಿ ಕೋಟೆಯ ನಕ್ಷೆಯನ್ನೇ ಬಿಡಿಸಿದ್ದಾರೆ, ಪುಣ್ಯಕ್ಕೆ.

ಟಿಪ್ಪು ಸುಲ್ತಾನ್ 1792ರಲ್ಲಿ ಫ್ರೆಂಚ್ ಮಾದರಿಯಲ್ಲಿ ಕಟ್ಟಿಸಿದ ಕೋಟೆ ಇದು. ಚಿತ್ರದುರ್ಗದ ಏಳು ಸುತ್ತು, ಬತೇರಿ, ಬುರುಜುಗಳನ್ನು ಕಂಡ ಕಣ್ಣಿಗೆ ಇದು ಗಿಡ್ಡವೆನಿಸುತ್ತದೆ. ಆದರೆ ಫಿರಂಗಿಯ ಕಾಲದಲ್ಲಿ ಎತ್ತರದ ಗೋಡೆ ಸುಲಭದ ಗುರಿ. ದುಂಡು ಬುರುಜಿಗೆ ಇನ್ನೊಂದು ತೊಡಕಿದೆ: ಅದರ ಮೂತಿಯ ಬುಡದಲ್ಲಿ ಅಡಗಿದ ಶತ್ರು ಮೇಲಿನವರಿಗೂ ಕಾಣುವುದಿಲ್ಲ, ಅಕ್ಕಪಕ್ಕದ ಬುರುಜಿನವರಿಗೂ ಕಾಣುವುದಿಲ್ಲ. ಅಲ್ಲಿ ಕುಳಿತು ಅವನು ನಿಶ್ಚಿಂತೆಯಿಂದ ಗೋಡೆಗೆ ಸುರಂಗ ಕೊರೆಯಬಹುದು. ಇಟಲಿಯ ಶಿಲ್ಪಿಗಳು ಈ ಕುರುಡು ಜಾಗವನ್ನು ಅಳಿಸಲೆಂದೇ ಗೋಡೆಯನ್ನು ಚೂಪು ಮಾಡಿದರು. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಸೇನಾ ಎಂಜಿನಿಯರ್ ವೋಬಾನ್ ಆ ವಿದ್ಯೆಯನ್ನು ಪಳಗಿಸಿದ.

ನಂಬದೆ ಪರೀಕ್ಷೆಗೆ ಇಳಿದೆವು. ಗೆಳೆಯ ಹೊರಗೆ ಹೋಗಿ ಗೋಡೆಯ ಬುಡದಲ್ಲಿ ಅವಿತು ನಿಂತ. ಅವನ ನೆತ್ತಿಯ ಮೇಲಿನಿಂದ ಬಗ್ಗಿದರೆ ಏನೂ ಕಾಣಲಿಲ್ಲ. ಎದುರು ಮಗ್ಗುಲಿನ ಗೋಡೆಗೆ ಹೋಗಿ ಕೋವಿಕಿಂಡಿಯಲ್ಲಿ ಇಣುಕಿದೆ. ಚಪ್ಪಲಿ ಸಮೇತ ಸಿಕ್ಕಿಬಿದ್ದ! "ಇನ್ನೂ ಮೂಲೆಗೆ ಸರಿಯುತ್ತೇನೆ, ತಾಳು" ಎಂದು ಕೂಗಿದ. ಸರಿದ, ಮತ್ತೆ ಕಂಡ. ಇಲ್ಲಿ ಯಾವ ಗೋಡೆಯೂ ತನ್ನನ್ನು ತಾನು ಕಾಯುವುದಿಲ್ಲ, ಪಕ್ಕದ್ದನ್ನು ಕಾಯುತ್ತದೆ. ಸುತ್ತಲಿನ ಕಂದಕಕ್ಕೆ ಇಳಿದವನಿಗೆ ಎರಡು ಕಡೆಯಿಂದಲೂ ಗುಂಡು.

ಒಳಗಿನ ಲಾಯ, ಸೈನಿಕರ ಕೋಣೆಗಳನ್ನು ಬೇಗ ನೋಡಿ ಮುಗಿಸಬಹುದು. ನಡುವಿನ ಶಿಲುಬೆಯಾಕಾರದ ಕೊಳಕ್ಕೆ ನಾಲ್ಕೂ ದಿಕ್ಕಿನಿಂದ ಮೆಟ್ಟಿಲಿವೆ. ಅದರ ಸಮೀಪದಲ್ಲೇ ಸಿಡಿಮದ್ದು ಇಡುವ ಮನೆ.

ಲೆಕ್ಕಾಚಾರವನ್ನು ಮೆಚ್ಚಿದರೂ ನನಗೊಂದು ಅನುಮಾನ ಉಳಿಯಿತು. ಚಿತ್ರದುರ್ಗದಲ್ಲಿ ಒಂದು ಸುತ್ತು ಕೈಬಿಟ್ಟರೆ ಹಿಂದೆ ಸರಿಯಲು ಇನ್ನೊಂದಿದೆ. ಮಂಜರಾಬಾದ್ ಒಂದೇ ಮಟ್ಟದ ಕೋಟೆ, ಒಳಕೋಟೆಯಿಲ್ಲ. ಒಂದು ಕಡೆ ಗೋಡೆ ಬಿರಿದರೆ ಉಳಿದ ಮೂಲೆಗಳ ಫಿರಂಗಿಗಳನ್ನು ಒಳಕ್ಕೇ ತಿರುಗಿಸಬೇಕಾಗುತ್ತಿತ್ತು.